ಒಳ್ಳೆಯ ಲೆನ್ಸ್ ದೂರದರ್ಶಕ ಕೊಳ್ಳುವ ಮುನ್ನ: ಮೈಸೂರು, ಮಂಡ್ಯದವರು ಪದೇ ಪದೇ ಕೇಳುವ ಪ್ರಶ್ನೆಗಳು

ತಾರಸಿಯ ಮೇಲೆ ದೂರದರ್ಶಕ ಇಟ್ಟಾಗ ಅಕ್ಕಪಕ್ಕದವರು ಕೇಳಿದ್ದು, ಆಮೇಲೆ ಫೋನಿನಲ್ಲಿ ಕೇಳಿದ್ದು, ಕಾಗದ ಬರೆದು ಕೇಳಿದ್ದು ಎಲ್ಲವನ್ನೂ ಇಲ್ಲಿ ಒಟ್ಟು ಮಾಡಿದ್ದೇನೆ. ಕೇಳಿದವರ ಮಾತನ್ನು ಆದಷ್ಟು ಹಾಗೇ ಉಳಿಸಿದ್ದೇನೆ. ಮಕ್ಕಳಿಗೆ ಕೊಡಿಸುವ ಮೊದಲ ದೂರದರ್ಶಕದ ವಿಚಾರ ಇಲ್ಲಿಲ್ಲ. ಲಕ್ಷದ ಆಸುಪಾಸಿನಿಂದ ಮೇಲಕ್ಕೆ ಹೋಗುವ, ಒಮ್ಮೆ ಕೊಂಡರೆ ಹತ್ತಿಪ್ಪತ್ತು ವರ್ಷ ಇಟ್ಟುಕೊಳ್ಳುವಂಥ ಲೆನ್ಸ್ ದೂರದರ್ಶಕಗಳ ವಿಚಾರ ಮಾತ್ರ ಇದೆ.

## ಮೊದಲಿಗೆ ಕೇಳುವವು

ಸಾರ್, ಇದೇ ದುಡ್ಡಿಗೆ ಇದರ ಎರಡರಷ್ಟು ದಪ್ಪದ ಕನ್ನಡಿ ದೂರದರ್ಶಕ ಬರುತ್ತಲ್ಲ, ಲೆನ್ಸಿಂದು ಯಾಕೆ ತಗೋಬೇಕು?

ಬರುತ್ತೆ, ಸುಳ್ಳಲ್ಲ. 200 ಮಿ.ಮೀ. ವ್ಯಾಸದ ಕನ್ನಡಿಯ ಡಾಬ್ಸೋನಿಯನ್ (ಸರಳ ಪೆಟ್ಟಿಗೆಯಂಥ ಸ್ಟ್ಯಾಂಡಿನ ಕನ್ನಡಿ ದೂರದರ್ಶಕ) 100 ಮಿ.ಮೀ. ಲೆನ್ಸಿಗಿಂತ ನಾಲ್ಕು ಪಟ್ಟು ಬೆಳಕು ಹಿಡಿಯುತ್ತದೆ, ಬೆಲೆಯೂ ಕಡಿಮೆ. ಮಸುಕಾದ ಗ್ಯಾಲಕ್ಸಿಗಳನ್ನು ಕಣ್ಣಲ್ಲಿ ಹುಡುಕುವುದೇ ನಿಮ್ಮ ಆಸೆಯಾದರೆ ಅದನ್ನೇ ತಗೊಳ್ಳಿ, ಮುಂದೆ ಓದುವ ಅಗತ್ಯವಿಲ್ಲ.

ಲೆನ್ಸಿನದರ ಗುಣ ಬೇರೆ. ಬೆಳಕಿನ ದಾರಿಗೆ ಅಡ್ಡವಾಗಿ ಸಣ್ಣ ಕನ್ನಡಿಯಾಗಲೀ ಅದನ್ನು ಹಿಡಿದ ಪಟ್ಟಿಗಳಾಗಲೀ ಇರುವುದಿಲ್ಲ. ಹಾಗಾಗಿ ನಕ್ಷತ್ರ ಸೂಜಿಮೊನೆಯಷ್ಟು ಚೊಕ್ಕವಾಗಿ ಕಾಣುತ್ತದೆ, ಅದರ ಸುತ್ತಲಿನ ಆಕಾಶ ಕಪ್ಪಾಗಿಯೇ ಉಳಿಯುತ್ತದೆ. ಜೋಡಿ ನಕ್ಷತ್ರ, ಚಂದ್ರನ ನೆರಳಿನ ಗೆರೆ, ಗುರುವಿನ ಪಟ್ಟಿಗಳು, ಅಗಲವಾದ ನಕ್ಷತ್ರಗುಚ್ಛಗಳು, ಆಮೇಲೆ ಫೋಟೋ: ಇವು ಅದರ ಕ್ಷೇತ್ರ. ಕನ್ನಡಿಗಳನ್ನು ಹೊಂದಿಸುತ್ತಾ ಕೂರುವ ಕೆಲಸವೂ ಇಲ್ಲ. ಊಟ ಮುಗಿಸಿ ಅರ್ಧ ಗಂಟೆ ನೋಡೋಣ ಅನ್ನಿಸಿದರೆ ಎತ್ತಿಕೊಂಡು ಹೋಗಿ ಇಟ್ಟರೆ ಆಯಿತು. ಕೊನೆಗೆ ಜಾಸ್ತಿ ಬಳಕೆಯಾಗುವ ದೂರದರ್ಶಕ ಇಂಥದ್ದೇ.

ಅಪೋಕ್ರೊಮ್ಯಾಟ್ ಅಂದ್ರೆ ಏನು? ಇಡಿ ಅಂತ ಬರೆದಿದ್ರೆ ಅದೂ ಅಪೋನೇ ಅಲ್ವಾ?

ಒಂದೇ ಗಾಜಿನ ಲೆನ್ಸು ಕೆಂಪನ್ನೊಂದು ಕಡೆ, ನೀಲಿಯನ್ನೊಂದು ಕಡೆ ಸೇರಿಸುತ್ತದೆ. ಗುಣ ಬೇರೆ ಇರುವ ಎರಡು ಗಾಜು ಜೋಡಿಸಿದರೆ ಈ ದೋಷ ಬಹಳಷ್ಟು ತಗ್ಗುತ್ತದೆ ಎಂದು ಇಂಗ್ಲೆಂಡಿನ ಚೆಸ್ಟರ್ ಮೂರ್ ಹಾಲ್ 1730ರ ಸುಮಾರಿಗೆ ಕಂಡುಕೊಂಡ. 1758ರಲ್ಲಿ ಪೇಟೆಂಟ್ ಪಡೆದವನು ಜಾನ್ ಡಾಲಂಡ್. ಅದು ಅಕ್ರೊಮ್ಯಾಟ್. ಎರಡು ಬಣ್ಣ ಒಂದೆಡೆ ಸೇರುತ್ತವೆ, ನೇರಳೆ ಮಾತ್ರ ಮಿಕ್ಕು ಗುರುವಿನ ಸುತ್ತ, ಚಂದ್ರನ ಅಂಚಿನಲ್ಲಿ ತೆಳುವಾಗಿ ಕಾಣುತ್ತದೆ. 100 ಮಿ.ಮೀ. ಅಕ್ರೊಮ್ಯಾಟಿನಲ್ಲಿ ಅದು ಕಾಟ ಕೊಡಬಾರದು ಎಂದರೆ ಎಫ್/12 ಆದರೂ ಬೇಕು. ಅಂದರೆ ಲೆನ್ಸಿನಿಂದ ಬೆಳಕು ಸೇರುವ ಜಾಗಕ್ಕಿರುವ ಸಂಗಮದೂರ ವ್ಯಾಸದ ಹನ್ನೆರಡು ಪಟ್ಟು, ಕೊಳವೆಯೇ ನಾಲ್ಕಡಿ.

ಅಪೋದಲ್ಲಿ ಮೂರು ಬಣ್ಣ ಒಂದೇ ಕಡೆ ಸೇರಬೇಕು. ಅದಕ್ಕೆ ಬೆಳಕನ್ನು ಕಡಿಮೆ ಚದುರಿಸುವ ಇಡಿ ಗಾಜೋ ಫ್ಲೋರೈಟ್ ಹರಳೋ ಬೇಕು. ಇಡಿ ಎನ್ನುವುದು ಗಾಜಿನ ಜಾತಿ, ಅಪೋ ಎನ್ನುವುದು ಫಲಿತಾಂಶ. ಇಡಿ ಹಾಕಿಯೂ ನೇರಳೆ ಉಳಿಸಿಕೊಂಡ ದೂರದರ್ಶಕಗಳಿವೆ. ಮಾರುವವರು ಎರಡನ್ನೂ ಒಂದೇ ಮಾಡಿ ಹೇಳುತ್ತಾರೆ.

ಎಷ್ಟು ಇಂಚಿನದು ತಗೊಂಡ್ರೆ ಶನಿಯ ಬಳೆ ಕಾಣುತ್ತೆ?

ಬಳೆಗೆ 60 ಮಿ.ಮೀ. ಸಾಕು. ಬಳೆಯೊಳಗಿನ ಕ್ಯಾಸಿನಿ ಬಿರುಕು ನೆಮ್ಮದಿಯಾಗಿ ಕಾಣಬೇಕೆಂದರೆ 100 ಇರಲಿ, ಬಳೆಯೂ ನಮ್ಮ ಕಡೆ ಸಾಕಷ್ಟು ವಾಲಿರಬೇಕು. 2025ರಲ್ಲಿ ಬಳೆ ಅಂಚಾಗಿ ತಿರುಗಿತ್ತು, ಆಗ ಎಂಥ ಲೆನ್ಸೂ ಏನೂ ಮಾಡಲಾಗದು.

ಲೆಕ್ಕ ಬೇಕಿದ್ದರೆ, 116ನ್ನು ಮಿ.ಮೀ. ವ್ಯಾಸದಿಂದ ಭಾಗಿಸಿ. ಬಂದದ್ದು ಬೇರ್ಪಡಿಸಿ ತೋರಿಸಬಲ್ಲ ಅತಿ ಸಣ್ಣ ಅಂತರ, ಆರ್ಕ್‌ಸೆಕೆಂಡಿನಲ್ಲಿ (ಡಿಗ್ರಿಯ 3600ನೇ ಒಂದು ಭಾಗ). 80ಕ್ಕೆ 1.45, 100ಕ್ಕೆ 1.16, 120ಕ್ಕೆ 0.97, 150ಕ್ಕೆ 0.77. ವರ್ಧನೆ ಪ್ರತಿ ಮಿ.ಮೀ.ಗೆ ಎರಡರಷ್ಟು ಮೇಲ್ಮಿತಿ ಅಂದುಕೊಳ್ಳಿ. ಡಬ್ಬಿಯ ಮೇಲೆ 600 ಪಟ್ಟು ಅಂತ ಬರೆದಿದ್ದರೆ ಡಬ್ಬಿ ಮುಚ್ಚಿ ವಾಪಸು ಕೊಡಿ.

ಮೈಸೂರಿನ ಮನೆ ತಾರಸಿಯಿಂದ ಇಷ್ಟು ದುಬಾರಿದು ಇಟ್ಟು ಪ್ರಯೋಜನ ಇದ್ಯಾ? ದಸರಾ ದೀಪದಲ್ಲಂತೂ ಆಕಾಶವೇ ಕಾಣಲ್ಲ.

ಚಂದ್ರ, ಗ್ರಹ, ಜೋಡಿ ನಕ್ಷತ್ರಗಳಿಗೆ ಊರ ಬೆಳಕು ಅಡ್ಡಿಯಲ್ಲ. ಅರಮನೆಯ ಸುಮಾರು ಒಂದು ಲಕ್ಷ ಬಲ್ಬು ಉರಿಯುತ್ತಿದ್ದರೂ ಶನಿ ಅಷ್ಟೇ ಚೆನ್ನಾಗಿ ಕಾಣುತ್ತದೆ. ನಗರದಲ್ಲಿ ಕೈಕೊಡುವುದು ನೀಹಾರಿಕೆ ಮತ್ತು ಗ್ಯಾಲಕ್ಸಿ. ಅವಕ್ಕೆ ಮೇಲುಕೋಟೆ, ನಾಗಮಂಗಲದ ಆಚೆಯ ಬಯಲು, ಹೆಗ್ಗಡದೇವನಕೋಟೆ ಕಡೆಗೆ ಹೋಗಬೇಕು. ಮಂಡ್ಯದ ಹಳ್ಳಿಯವರಿಗೆ ಕರೆಂಟು ಹೋದರೆ ಸಾಕು. ಅದು ಹೋದಾಗ ಬೈಯದ ಜನ ನಾವೊಬ್ಬರೇ ಇರಬೇಕು.

ತಾರಸಿಯಲ್ಲಿ ಬೆಳಕಿಗಿಂತ ದೊಡ್ಡ ಶತ್ರು ಕಾಂಕ್ರೀಟು. ಮಾರ್ಚ್, ಏಪ್ರಿಲಿನಲ್ಲಿ ಹಗಲೆಲ್ಲ ಕಾದ ತಾರಸಿ ರಾತ್ರಿ ಹತ್ತರವರೆಗೂ ಬಿಸಿ ಉಗುಳುತ್ತಿರುತ್ತದೆ, ಗುರು ನೀರಿನಡಿಯಲ್ಲಿ ಇರುವವನ ಹಾಗೆ ಅಲುಗಾಡುತ್ತಾನೆ. ಲೆನ್ಸಿನ ತಪ್ಪೆಂದು ಅದನ್ನು ಬೈಯಬೇಡಿ. ಹುಲ್ಲಿನ ಮೇಲೆ ಇಟ್ಟು ನೋಡಿ, ಇಲ್ಲವೇ ಬೆಳಗಿನ ಜಾವ ನಾಲ್ಕಕ್ಕೆ ಏಳಿ.

ನಮಗೊಂದು ಭಾಗ್ಯವೂ ಇದೆ. ಯೂರೋಪಿನ ಹೆಚ್ಚಿನವರಿಗೆ ಕಾಣದ ಒಮೇಗಾ ಸೆಂಟಾರಿ ನಕ್ಷತ್ರಗುಚ್ಛ ನಮ್ಮ ದಕ್ಷಿಣದಲ್ಲಿ 30 ಡಿಗ್ರಿ ಮೇಲೇರುತ್ತದೆ. ಏಪ್ರಿಲ್, ಮೇ ರಾತ್ರಿಗಳಲ್ಲಿ 100 ಮಿ.ಮೀ. ಲೆನ್ಸಿನಲ್ಲಿ ಅದನ್ನು ನೋಡಿದವರು ದುಡ್ಡಿನ ಲೆಕ್ಕ ಸ್ವಲ್ಪ ಹೊತ್ತು ಮರೆಯುತ್ತಾರೆ.

## ಹೋಲಿಸಿ ನೋಡುವಾಗ

ಎರಡು ಲೆನ್ಸಿನ ಡಬ್ಲೆಟ್ ಸಾಕಾ, ಮೂರರ ಟ್ರಿಪ್ಲೆಟ್ಟೇ ಬೇಕಾ?

ಕಣ್ಣಲ್ಲಿ ನೋಡುವವರಿಗೆ, ಎಫ್/7ರಿಂದ ಎಫ್/9ರ ಒಳ್ಳೆಯ ಡಬ್ಲೆಟ್ ಸಾಕು. ಹಗುರ, ಹೊರಗಿನ ತಾಪಕ್ಕೆ ಬೇಗ ಹೊಂದಿಕೊಳ್ಳುತ್ತದೆ, ಮುಂಭಾರ ಕಡಿಮೆ. ಕ್ಯಾಮೆರಾ ಕಣ್ಣಿಗಿಂತ ಜಾಸ್ತಿ ನೇರಳೆ ನೋಡುತ್ತದೆ. ಎಫ್/6ಕ್ಕಿಂತ ಚುರುಕಾದ (ಅಂದರೆ ಎಫ್ ಅಂಕಿ ಇನ್ನೂ ಕಡಿಮೆ ಇರುವ) ಕೊಳವೆಯಲ್ಲಿ ಫೋಟೋ ತೆಗೆಯಬೇಕಾದರೆ ಟ್ರಿಪ್ಲೆಟ್ ಬೇಕಾಗುತ್ತದೆ. 120 ಮಿ.ಮೀ. ದಾಟಿದ ಟ್ರಿಪ್ಲೆಟ್ಟಿನ ಗಾಜಿನ ಗಟ್ಟಿ ತಣಿಯಲು ಮುಕ್ಕಾಲು ಗಂಟೆ, ಒಂದು ಗಂಟೆ ಬೇಕು. ಎಸಿ ಕೋಣೆಯಿಂದ ನೇರ ಹೊರಗೆ ತಂದವರು ಮೊದಲ ನೋಟಕ್ಕೇ ಬೇಜಾರಾಗುತ್ತಾರೆ. ನನ್ನನ್ನು ಕೇಳಿದರೆ, ನಮ್ಮೂರಿನಲ್ಲಿ ನೋಡಲಿಕ್ಕೆ ಮೊದಲ ಆಯ್ಕೆ 100 ಮಿ.ಮೀ. ಡಬ್ಲೆಟ್ಟೇ.

ಎಫ್‌ಪಿಎಲ್-53 ಇಲ್ದಿದ್ರೆ ತಗೋಬೇಡಿ ಅಂತಾರಲ್ಲ?

ಅದು ಒಂದು ಇಡಿ ಗಾಜಿನ ಹೆಸರು. ಗಾಜಿನ ಅಬ್ಬೆ ಸಂಖ್ಯೆ ಜಾಸ್ತಿ ಇದ್ದಷ್ಟೂ ಗಾಜು ಬಣ್ಣವನ್ನು ಕಡಿಮೆ ಚದುರಿಸುತ್ತದೆ. ಮಾಮೂಲಿ ಬಿಕೆ7 ಗಾಜಿಗೆ ಸುಮಾರು 64, ಒಹಾರಾ ಕಂಪನಿಯ ಎಫ್‌ಪಿಎಲ್-51ಕ್ಕೆ 81, ಎಫ್‌ಪಿಎಲ್-53ಕ್ಕೆ 95. ಹೋಯಾದ ಎಫ್‌ಸಿಡಿ100, ಫ್ಲೋರೈಟ್ ಹರಳು ಇವೂ 95ರ ಆಸುಪಾಸಿನಲ್ಲೇ ಇವೆ. ಆದ್ದರಿಂದ ಎಫ್‌ಸಿಡಿ100 ಎಂದು ಕಂಡರೆ ಮೂಗು ಮುರಿಯಬೇಡಿ.

ಅದಕ್ಕಿಂತ ಮುಖ್ಯವಾದದ್ದು ಜೊತೆಗಿರುವ ಇನ್ನೊಂದು ಗಾಜು ಯಾವುದು, ಮೇಲ್ಮೈ ಎಷ್ಟು ನಯವಾಗಿ ಉಜ್ಜಿದ್ದಾರೆ, ಲೆನ್ಸುಗಳು ಒಂದೇ ಅಕ್ಷದಲ್ಲಿ ಕೂತಿವೆಯಾ ಎನ್ನುವುದು. ಎಫ್/7ರ 80 ಮಿ.ಮೀ. ಎಫ್‌ಪಿಎಲ್-51 ಡಬ್ಲೆಟ್ ಚೆನ್ನಾಗಿಯೇ ಇರಬಹುದು. ಅದೇ ಗಾಜಿನಲ್ಲಿ ಎಫ್/6ರ 120 ಎಂದರೆ ನಾನು ಹಿಂದೆ ಸರಿಯುತ್ತೇನೆ.

ತಕಹಾಶಿಗೆ ಅಷ್ಟು ದುಡ್ಡು ಯಾಕೆ? ಸ್ಕೈ-ವಾಚರ್ ಸಾಲಲ್ವಾ?

ಜಾಸ್ತಿ ಕೇಳುವ ಪ್ರಶ್ನೆ ಇದೇ, ಸ್ವಲ್ಪ ವಿವರವಾಗಿ ಹೇಳುತ್ತೇನೆ. ಸ್ಕೈ-ವಾಚರ್ ಕಂಪನಿಯ ಇವೋಸ್ಟಾರ್ 100ಇಡಿ ಮತ್ತು ತಕಹಾಶಿ ಕಂಪನಿಯ ಎಫ್‌ಸಿ-100ಡಿಎಫ್ ಎರಡೂ 100 ಮಿ.ಮೀ. ಡಬ್ಲೆಟ್ಟುಗಳು. ಮೊದಲನೆಯದು ಎಫ್‌ಪಿಎಲ್-53, ಎಫ್/9, ಸಂಗಮದೂರ 900 ಮಿ.ಮೀ. ಎರಡನೆಯದು ಫ್ಲೋರೈಟ್, ಎಫ್/7.4, 740 ಮಿ.ಮೀ. ತಕಹಾಶಿಯ ಕೊಳವೆ ನಾಲ್ಕು ಕಿಲೋದೊಳಗೇ ಇದೆ, ಸಣ್ಣ ಸ್ಟ್ಯಾಂಡಿನ ಮೇಲೂ ನಿಲ್ಲುತ್ತದೆ.

ಹವಾ ಅಷ್ಟಕ್ಕಷ್ಟೆ ಇರುವ ರಾತ್ರಿ ಇವೆರಡನ್ನೂ ಅಕ್ಕಪಕ್ಕ ಇಟ್ಟು 90 ಪಟ್ಟಿನಲ್ಲಿ ಚಂದ್ರನನ್ನು ತೋರಿಸಿದರೆ ನೂರಕ್ಕೆ ತೊಂಬತ್ತು ಮಂದಿ ವ್ಯತ್ಯಾಸ ಹೇಳಲಾರರು. ಗಾಳಿ ಸ್ತಬ್ಧವಾಗಿರುವ ರಾತ್ರಿ 200 ಪಟ್ಟಿಗೆ ಏರಿಸಿ, ಫೋಕಸ್ ಗುಂಡಿ ತಿರುಗಿಸಿ ನೋಡಿದರೆ ಗೊತ್ತಾಗುತ್ತದೆ. ತಕಹಾಶಿಯಲ್ಲಿ ಚಿತ್ರ ಟಕ್ಕನೆ ಒಂದು ಕಡೆ ಬಂದು ಕೂರುತ್ತದೆ, ಇದೇನಾ ಅದೇನಾ ಎಂದು ಹಿಂದೆ ಮುಂದೆ ಹುಡುಕುವುದಿಲ್ಲ. ಹೆಚ್ಚಿನ ದುಡ್ಡು ಹೋಗುವುದು ಮುಖ್ಯವಾಗಿ ಇದಕ್ಕೆ: ಒಂದೊಂದು ಲೆನ್ಸೂ ಒಂದೇ ಮಟ್ಟದಲ್ಲಿ ಹೊರಬರುತ್ತದೆ ಎಂಬ ಭರವಸೆಗೆ. ಅಗ್ಗದರಲ್ಲೂ ಅಷ್ಟೇ ಒಳ್ಳೆಯ ಲೆನ್ಸ್ ಸಿಗಬಹುದು, ಸಿಗದೆಯೂ ಇರಬಹುದು.

ಒಟ್ಟು ಹಣ ಇಷ್ಟೇ ಎಂದು ಗೊತ್ತಿದ್ದು, ಸ್ಟ್ಯಾಂಡ್, ಐಪೀಸ್ (ಕಣ್ಣಿಡುವ ಕಡೆಯ ಸಣ್ಣ ಲೆನ್ಸು) ಎಲ್ಲ ಅದರಲ್ಲೇ ಬರಬೇಕಾದರೆ ಸ್ಕೈ-ವಾಚರ್ ತಗೊಂಡು ಉಳಿದದ್ದನ್ನು ಸ್ಟ್ಯಾಂಡಿಗೆ ಹಾಕಿ. ಒಳ್ಳೆಯ ಸ್ಟ್ಯಾಂಡ್ ಆಗಲೇ ಇದ್ದರೆ ತಕಹಾಶಿಯ ಯೋಚನೆ ಮಾಡಬಹುದು. ನಡುಗುವ ಸ್ಟ್ಯಾಂಡಿನ ಮೇಲೆ ಕೂತ ಫ್ಲೋರೈಟನ್ನು ನೋಡಿದರೆ ನನಗೆ ಸಂಕಟವಾಗುತ್ತದೆ.

ಆಸ್ಟ್ರೋ-ಫಿಸಿಕ್ಸ್, ಟಿಇಸಿ ಅಂತ ಅಮೆರಿಕದವು ಇದಾವಂತೆ, ಅವು ಇನ್ನೂ ಮೇಲಾ?

ಮೇಲೇ. ರೋಲಂಡ್ ಕ್ರಿಸ್ಟನ್ ಕಟ್ಟಿದ ಆಸ್ಟ್ರೋ-ಫಿಸಿಕ್ಸ್ ಕೊಳವೆಗಳಿಗೆ ವರ್ಷಗಟ್ಟಲೆ ಕಾಯುವ ಪಟ್ಟಿ ಇರುವುದು ಹೆಸರುವಾಸಿ. ಟಿಇಸಿ 140ರಲ್ಲಿ ಮೂರು ಲೆನ್ಸುಗಳ ನಡುವೆ ಗಾಳಿಯ ಬದಲು ತೆಳ್ಳನೆ ಎಣ್ಣೆಯ ಪದರ ಇರುತ್ತದೆ, ತಾಪಕ್ಕೆ ಬೇಗ ಹೊಂದಿಕೊಳ್ಳುತ್ತದೆ. ನಮ್ಮಲ್ಲಿ ಏನಾದರೂ ಕೆಟ್ಟರೆ ವಾಪಸು ಕಳಿಸುವ ಖರ್ಚು, ಕಸ್ಟಮ್ಸ್ ಕಾಗದ ಪತ್ರ ಎಲ್ಲ ಯೋಚಿಸಿ ಮುಂದುವರಿಯಿರಿ.

ನನಗೆ ಫೋಟೋನೂ ತೆಗೀಬೇಕು, ಮನೆಯವರಿಗೆಲ್ಲ ತೋರಿಸಲೂ ಬೇಕು. ಒಂದರಲ್ಲೇ ಆಗುತ್ತಾ?

ಆಗುತ್ತೆ, ಸ್ವಲ್ಪ ರಾಜಿ ಮಾಡಿಕೊಂಡರೆ. ಫೋಟೋಗೆ ಅಗಲವಾದ, ಅಂಚಿನವರೆಗೂ ಸಪಾಟಾದ ನೋಟ ಬೇಕು. ತಕಹಾಶಿಯ ಎಫ್‌ಎಸ್‌ಕ್ಯೂ-106 ಎಫ್/5ರ ಕೊಳವೆಯಲ್ಲಿ ನಾಲ್ಕು ಲೆನ್ಸುಗಳಿದ್ದು ಅದು ತನ್ನಷ್ಟಕ್ಕೇ ಸಪಾಟಾಗಿದೆ. ಟೆಲಿ ವ್ಯೂ ಎನ್‌ಪಿ101 ಕೂಡ ಇದೇ ಜಾತಿ. ಉಳಿದವಕ್ಕೆ ಹಿಂದೆ ನೋಟವನ್ನು ಸಪಾಟಾಗಿಸುವ ಬೇರೆ ಲೆನ್ಸು, ಅಂದರೆ ಫ್ಲಾಟ್ನರ್, ಹಾಕಬೇಕು, ಅದರಿಂದ ಸೆನ್ಸರಿಗೆ ಇರುವ ದೂರವನ್ನು ಮಿಲಿಮೀಟರ್ ಲೆಕ್ಕದಲ್ಲಿ ಹೊಂದಿಸಬೇಕು. ಸ್ಕೈ-ವಾಚರ್ ಎಸ್ಪ್ರಿ 100 (ಎಫ್/5.5) ಫೋಟೋದವರಿಗೆ, ಎಸ್ಪ್ರಿ 120 (ಎಫ್/7, 840 ಮಿ.ಮೀ.) ಎರಡೂ ಬೇಕೆನ್ನುವವರಿಗೆ ಸರಿ. ಗ್ರಹಗಳನ್ನು ನೋಡುವುದೇ ಮುಖ್ಯವಾದರೆ ಎಫ್/5ರ ಕಡೆ ಹೋಗಬೇಡಿ, ವರ್ಧನೆ ತರಲು ತೀರ ಚಿಕ್ಕ ಐಪೀಸುಗಳ ಹಿಂದೆ ಬೀಳಬೇಕಾಗುತ್ತದೆ.

## ನಮ್ಮೂರಿನ ತೊಡಕುಗಳು

ಧ್ರುವ ನಕ್ಷತ್ರ ನಮ್ಮ ಮನೆಯಿಂದ ಕಾಣೋದೇ ಇಲ್ಲ. ಇಕ್ವಟೋರಿಯಲ್ ಮೌಂಟ್ ಹೇಗೆ ಹೊಂದಿಸಲಿ?

ಇಕ್ವಟೋರಿಯಲ್ ಮೌಂಟ್ ಎಂದರೆ ಆಕಾಶದ ತಿರುಗಾಟವನ್ನು ಹಿಂಬಾಲಿಸುವ, ದೂರದರ್ಶಕ ಕೂರುವ ಸ್ಟ್ಯಾಂಡಿನ ತಲೆ. ಅದರ ಅಕ್ಷವನ್ನು ಧ್ರುವದ ಕಡೆ ಗುರಿಯಿಡಬೇಕು. ಮೈಸೂರಿನ ಅಕ್ಷಾಂಶ 12.3 ಡಿಗ್ರಿ, ಮಂಡ್ಯದ್ದು 12.5. ಧ್ರುವ ಅಷ್ಟೇ ಎತ್ತರದಲ್ಲಿರುತ್ತದೆ, ಎದುರು ಮನೆಯ ನೀರಿನ ಟ್ಯಾಂಕ್ ಸಾಕು ಮರೆಮಾಡಲು. ಇದರಿಂದ ಎರಡು ಕಷ್ಟ.

ಮೊದಲನೆಯದು ಮೌಂಟ್ ಇಷ್ಟು ಕೆಳಗೆ ಬಾಗುತ್ತದೆಯೇ ಎಂಬುದು. ಅಕ್ಷಾಂಶದ ಮಿತಿ 20 ಡಿಗ್ರಿಯಿಂದ ಶುರುವಾಗುವ ಮೌಂಟುಗಳಿವೆ, ಅವು ಇಲ್ಲಿ ಕೆಲಸಕ್ಕೆ ಬಾರವು. ಕೊಳ್ಳುವ ಮುಂಚೆ ಆ ಅಂಕಿ ನೋಡಿ, 10ರೊಳಗಿನಿಂದ ಶುರುವಾದರೆ ಒಳ್ಳೆಯದು. ಇಷ್ಟು ಬಾಗಿಸಿದಾಗ ಪ್ರತಿತೂಕದ ಸರಳು ಹೆಚ್ಚುಕಡಿಮೆ ನೇರ ಕೆಳಕ್ಕೆ ಇಳಿದು, ಉತ್ತರಕ್ಕಿರುವ ಸ್ಟ್ಯಾಂಡಿನ ಕಾಲಿಗೆ ಬಡಿಯುತ್ತದೆ. ಕಾಲೊಂದನ್ನು ದಕ್ಷಿಣಕ್ಕೆ ತಿರುಗಿಸಿ ಇಡಿ, ಇಲ್ಲವೇ ನಡುವೆ ಒಂದು ಕಂಬದ ತುಂಡು ಹಾಕಿ ಎತ್ತರಿಸಿ.

ಎರಡನೆಯದು ಹೊಂದಿಸುವುದು. ಕಣ್ಣಲ್ಲಿ ನೋಡಲು ದಿಕ್ಸೂಚಿ ಸಾಕು, ನಮ್ಮ ಭಾಗದಲ್ಲಿ ಅದರ ವಾಲು ಒಂದೆರಡು ಡಿಗ್ರಿ ಅಷ್ಟೇ. ಫೋಟೋಗಾದರೆ ನೀನಾ ತಂತ್ರಾಂಶದ ಮೂರು ಬಿಂದುಗಳ ವಿಧಾನ ಆಕಾಶದ ಬೇರೆ ಕಡೆ ಮೂರು ಚಿತ್ರ ತೆಗೆದು ತಪ್ಪನ್ನು ಹೇಳುತ್ತದೆ. ಧ್ರುವ ಕಾಣಲೇಬೇಕೆಂದಿಲ್ಲ.

ಗುರು ನೆತ್ತಿ ಮೇಲೆ ಬಂದಾಗ ನೆಲದ ಮೇಲೆ ಮಲಗಿ ನೋಡ್ಬೇಕಾ?

ಹತ್ತಿರ ಹತ್ತಿರ ಹಾಗೇ! 2026ರ ಜನವರಿಯಲ್ಲಿ ಮಿಥುನದಲ್ಲಿದ್ದ ಗುರು ಮೈಸೂರಿನಲ್ಲಿ 80 ಡಿಗ್ರಿ ಎತ್ತರಕ್ಕೇರಿದ್ದ. ಲೆನ್ಸ್ ದೂರದರ್ಶಕದಲ್ಲಿ ಕಣ್ಣಿಡುವುದು ಹಿಂತುದಿಯಲ್ಲಿ. ಮುಂತುದಿ ಮೇಲೆ ಹೋದಷ್ಟೂ ಇದು ಕೆಳಗಿಳಿಯುತ್ತದೆ. 900 ಮಿ.ಮೀ. ಕೊಳವೆ ಗಿಡ್ಡ ಸ್ಟ್ಯಾಂಡಿನ ಮೇಲಿದ್ದರೆ ಐಪೀಸು ಮೊಣಕಾಲಿನ ಹತ್ತಿರ ಬರುತ್ತದೆ. ಅಜ್ಜಿಗೆ ಶನಿ ತೋರಿಸಬೇಕೆಂದು ಕೊಂಡವರಿಗೆ ಇದು ಆಮೇಲೆ ಗೊತ್ತಾಗುತ್ತದೆ. ಎತ್ತರದ ಸ್ಟ್ಯಾಂಡ್, ಏರಿಳಿಸುವ ಕುರ್ಚಿ ಇವನ್ನು ಮೊದಲೇ ಬಜೆಟ್ಟಿಗೆ ಸೇರಿಸಿ. ಸಂಗಮದೂರ ಕಡಿಮೆಯಾದಷ್ಟೂ ಈ ಕಷ್ಟ ಕಡಿಮೆ, ತಕಹಾಶಿಯ 740ಕ್ಕೆ ಇಲ್ಲಿ ಇನ್ನೊಂದು ಅಂಕ. ನೆತ್ತಿಯ ಮೇಲಿನ ಗ್ರಹದ ಬೆಳಕು ಕಡಿಮೆ ಗಾಳಿ ದಾಟಿ ಬರುವುದರಿಂದ ಇಲ್ಲಿ ಸಿಗುವ ನೋಟ ಲಂಡನ್ನಿನವರಿಗೆ ಸಿಗದು. ಸೊಂಟನೋವಿಗೆ ಅದೇ ಪರಿಹಾರ ಧನ.

ನಮ್ಮದು ಮಂಡ್ಯದ ಹತ್ರ, ನಾಲೆ ಪಕ್ಕ. ಇಬ್ಬನಿಗೆ ಲೆನ್ಸಿಗೆ ಫಂಗಸ್ ಬರುತ್ತಾ?

ಬರುತ್ತೆ. ಒಮ್ಮೆ ಬೇರೂರಿದರೆ ಲೇಪನವನ್ನೇ ತಿನ್ನುತ್ತದೆ. ಡಿಸೆಂಬರಿನಲ್ಲಿ ವಿ.ಸಿ. ನಾಲೆಯ ಬಯಲಿನಲ್ಲಿ, ಕಬ್ಬಿನ ಗದ್ದೆಗಳ ನಡುವೆ ಇಟ್ಟರೆ ಹತ್ತು ಗಂಟೆಗೆಲ್ಲ ಕೊಳವೆಯಿಂದ ನೀರು ತೊಟ್ಟಿಕ್ಕುತ್ತದೆ. ಲೆನ್ಸಿನ ಸುತ್ತ 12 ವೋಲ್ಟಿನ ಬಿಸಿ ಪಟ್ಟಿ ಕಟ್ಟಿ. ಅದು ಗಾಜನ್ನು ಸುತ್ತಲ ಗಾಳಿಗಿಂತ ಒಂದಿಷ್ಟು ಬೆಚ್ಚಗೆ ಇಟ್ಟರೆ ಸಾಕು. ಇಬ್ಬನಿ ಕೂತರೆ ಬಟ್ಟೆಯಲ್ಲಿ ಒರೆಸಬೇಡಿ. ಒದ್ದೆ ಲೆನ್ಸಿಗೆ ಮುಚ್ಚಳ ಹಾಕಿ ಪೆಟ್ಟಿಗೆಯಲ್ಲಿಟ್ಟು ಮಲಗುವುದು ಎಲ್ಲಕ್ಕಿಂತ ಕೆಟ್ಟದ್ದು. ಮನೆಯೊಳಗೆ ತಂದು, ಮುಚ್ಚಳ ತೆಗೆದು, ಪೂರ್ತಿ ಒಣಗಿದ ಮೇಲೆ ಎತ್ತಿಡಿ.

ಮಳೆಗಾಲದ ನಾಲ್ಕು ತಿಂಗಳೂ ಗಾಳಿಯಾಡದ ಡಬ್ಬಿ, ಅದರಲ್ಲಿ ಸಿಲಿಕಾ ಜೆಲ್, ಒಂದು ಸಣ್ಣ ತೇವಮಾಪಕ ಇರಲಿ. ಅಂಕಿ 40ರಿಂದ 50ರೊಳಗೆ ನಿಂತರೆ ಸರಿ. ಬೀರುವಿನಲ್ಲಿ ಬಟ್ಟೆಯ ಜೊತೆ ಇಟ್ಟು ನುಸಿಗುಳಿಗೆ ಹಾಕಬೇಡಿ, ಅದರ ಆವಿ ಗಾಜಿನ ಮೇಲೆ ಕೂರುತ್ತದೆ. ಆಲೆಮನೆ ಹತ್ತಿರದವರಿಗೆ ಇನ್ನೊಂದು ಮಾತು: ಹೊಗೆಯ ರಾತ್ರಿ ಕೂತ ಬೂದಿಯನ್ನು ಊದುವ ರಬ್ಬರ್ ಬುರುಡೆಯಿಂದ ಹಾರಿಸಿ. ಉಜ್ಜಿದರೆ ಗೀರು ಬೀಳುತ್ತದೆ.

ಅಮೆರಿಕದಿಂದ ತಮ್ಮ ಬರ್ತಿದ್ದಾನೆ, ಅವನ ಕೈಲೇ ತರಿಸಿಬಿಡಲಾ?

ತರಿಸಬಹುದು. ಲೆನ್ಸ್ ಇರುವ ಕೊಳವೆ ಕೈಚೀಲದಲ್ಲೇ ಬರಲಿ, ಲಗೇಜಿಗೆ ಹಾಕಿದರೆ ಎಸೆತಕ್ಕೆ ಲೆನ್ಸು ಸರಿದೀತು. ಬಿಲ್ಲು ಜೊತೆಯಲ್ಲಿರಬೇಕು. ಉಚಿತ ಮಿತಿ ದಾಟಿದ ಬೆಲೆಗೆ ಸುಂಕ ಕಟ್ಟಬೇಕು, ಅಡಗಿಸುವ ಯೋಚನೆ ಬೇಡ. ಮೌಂಟನ್ನು ಇಲ್ಲೇ ಕೊಳ್ಳಿ. ಅದೇ ಭಾರ, ಕೆಡುವುದೂ ಅದೇ.

## ಆಳಕ್ಕಿಳಿದವರಿಗೆ

ಸೆಕೆಂಡ್ ಹ್ಯಾಂಡ್ ಸಿಕ್ಕಿದೆ. ಲೆನ್ಸ್ ಚೆನ್ನಾಗಿದ್ಯಾ ಅಂತ ನಾನೇ ಹೇಗೆ ನೋಡ್ಲಿ?

ಹಗಲಲ್ಲಿ ಟಾರ್ಚನ್ನು ಓರೆಯಾಗಿ ಹಿಡಿದು ಒಳಗೆ ನೋಡಿ. ಸಣ್ಣ ಧೂಳು ಲೆಕ್ಕಕ್ಕಿಲ್ಲ. ಜೇಡರ ಬಲೆಯಂತೆ ಕವಲೊಡೆದ ಗೆರೆ ಕಂಡರೆ ಫಂಗಸ್, ಬಿಟ್ಟುಬಿಡಿ.

ಆಮೇಲೆ ರಾತ್ರಿಯ ಪರೀಕ್ಷೆ. ಕೊಳವೆ ತಣಿಯಲು ಬಿಡಿ. ವಸಂತದ ರಾತ್ರಿಯಾದರೆ ಸ್ವಾತಿ ನಕ್ಷತ್ರ ಒಳ್ಳೆಯದು, ನಮ್ಮಲ್ಲಿ ಅದು ನೆತ್ತಿಯ ಹತ್ತಿರವೇ ದಾಟುತ್ತದೆ. 150ರಿಂದ 200 ಪಟ್ಟು ವರ್ಧನೆಯಲ್ಲಿ ಫೋಕಸ್ಸನ್ನು ತುಸು ಒಳಗೆ ಸರಿಸಿ, ಬಳೆಗಳ ಗುಂಪು ಕಾಣುತ್ತದೆ. ಅಷ್ಟೇ ಹೊರಗೆ ಸರಿಸಿ ನೋಡಿ. ಎರಡೂ ಕಡೆ ಬಳೆಗಳು ಒಂದೇ ತರ, ಗುಂಡಗೆ, ಒಂದೇ ಕೇಂದ್ರದ ಸುತ್ತ ಇದ್ದರೆ ಲೆನ್ಸು ಉತ್ತಮ. ಒಂದು ಕಡೆ ಗಟ್ಟಿ, ಇನ್ನೊಂದು ಕಡೆ ಕಲಸಿದಂತಿದ್ದರೆ ಗೋಳೀಯ ದೋಷ. ಬಳೆಗಳು ಒಂದು ಬದಿಗೆ ಒತ್ತಿಕೊಂಡಿದ್ದರೆ ಲೆನ್ಸು ಅಕ್ಷ ತಪ್ಪಿದೆ, ಇದನ್ನು ಸರಿಪಡಿಸಬಹುದು. ಮೊಟ್ಟೆಯಾಕಾರ ಒಳಗೆ ಉದ್ದ, ಹೊರಗೆ ಅಡ್ಡ ತಿರುಗಿದರೆ ಅಸ್ಟಿಗ್ಮ್ಯಾಟಿಸಂ. ಆಗ ನಿಮ್ಮ ತಲೆಯನ್ನು ವಾಲಿಸಿ ನೋಡಿ. ಮೊಟ್ಟೆಯೂ ಜೊತೆಗೇ ತಿರುಗಿದರೆ ದೋಷ ಇರುವುದು ಕಣ್ಣಿನಲ್ಲಿ. ಮೂರು ಮೂಲೆ ಕಂಡರೆ ಲೆನ್ಸಿನ ಹಿಡಿಕೆ ಬಿಗಿಯಾಗಿ ಹಿಸುಕುತ್ತಿದೆ.

ಕೊನೆಗೆ ಜ್ಯೇಷ್ಠಾ. ಅದರ ಮಂಕು ಸಂಗಾತಿ ಮೂರು ಆರ್ಕ್‌ಸೆಕೆಂಡಿನೊಳಗೇ ಇದೆ. ಉತ್ತರದ ದೇಶಗಳಲ್ಲಿ ಅದು ದಿಗಂತದ ಮಂಜಿನಲ್ಲಿ ಕಳೆದುಹೋಗುತ್ತದೆ, ನಮ್ಮಲ್ಲಿ 51 ಡಿಗ್ರಿ ಮೇಲಿರುತ್ತದೆ. ಸ್ತಬ್ಧ ರಾತ್ರಿಯಲ್ಲಿ 100 ಮಿ.ಮೀ. ಲೆನ್ಸು ಆ ಕೆಂಪಿನ ಅಂಚಿನಲ್ಲಿ ಹಸಿರು ಚುಕ್ಕೆಯನ್ನು ಬಿಡಿಸಿ ತೋರಿಸಿದರೆ ದುಡ್ಡು ಕೊಡಬಹುದು.

ಸ್ಟ್ರೆಲ್ 0.98 ಅಂತ ಸರ್ಟಿಫಿಕೇಟ್ ಕೊಟ್ಟಿದ್ದಾರೆ, ಸಾಕಲ್ವಾ?

ಲೆನ್ಸು ಎಷ್ಟು ಪರಿಪೂರ್ಣ ಎನ್ನುವ ಅಳತೆ ಸ್ಟ್ರೆಲ್, 1 ಬಂದರೆ ಪೂರ್ಣ. ಯಾವ ಬಣ್ಣದಲ್ಲಿ ಅಳೆದರು ಎಂದು ಕೇಳಿ. ಹಸಿರಿನಲ್ಲಿ 0.98 ಬಂದ ಲೆನ್ಸು ನೀಲಿಯಲ್ಲಿ ಬಹಳ ಕೆಳಗಿರಬಹುದು, ಫೋಟೋದಲ್ಲಿ ನಕ್ಷತ್ರ ಊದಿಕೊಳ್ಳುವುದು ಅಲ್ಲೇ. 0.80 ದಾಟಿದರೆ ಲೆನ್ಸು ಬೆಳಕಿನ ಸ್ವಭಾವದ ಮಿತಿಯೊಳಗೆ ಬಂತು ಎನ್ನುತ್ತಾರೆ. 0.95ಕ್ಕೂ 0.98ಕ್ಕೂ ನಡುವಿನ ವ್ಯತ್ಯಾಸ ನಮ್ಮ ತಾರಸಿಯ ಗಾಳಿಯಲ್ಲಿ ಕಾಣುವ ರಾತ್ರಿಗಳು ತೀರ ಅಪರೂಪ.

ಇದೇ ಕೊಳವೆಯಲ್ಲಿ ಸೂರ್ಯನನ್ನ ನೋಡಬಹುದಾ?

ಮುಂದುಗಡೆ ಲೆನ್ಸನ್ನು ಪೂರ್ತಿ ಮುಚ್ಚುವ ಸೌರ ಫಿಲ್ಟರ್ ಇದ್ದರೆ ಮಾತ್ರ. ಐಪೀಸಿಗೆ ತಿರುಗಿಸುವ ಸಣ್ಣ ಕಪ್ಪು ಗಾಜು ಸಿಕ್ಕರೆ ಒಡೆದು ಬಿಸಾಕಿ. ಅದು ಬಿಸಿಗೆ ಸೀಳಿದರೆ ಕಣ್ಣು ಹೋದಂತೆಯೇ. ಫೈಂಡರನ್ನೂ (ಗುರಿ ಹಿಡಿಯಲು ಪಕ್ಕದಲ್ಲಿರುವ ಸಣ್ಣ ದೂರದರ್ಶಕ) ಮುಚ್ಚಿ. ಹಿಂತುದಿಯಲ್ಲಿ ಹಾಕುವ, ಸೂರ್ಯನ ಬೆಳಕಿನ ಬಹುಪಾಲನ್ನು ಹೊರಕ್ಕೆ ಬಿಡುವ ಹರ್ಷೆಲ್ ವೆಡ್ಜ್ ಎಂಬ ಪ್ರಿಸಂ ಲೆನ್ಸ್ ದೂರದರ್ಶಕಗಳಿಗೇ ಮೀಸಲು, ಸೂರ್ಯನ ಕಲೆಗಳ ಸುತ್ತಲಿನ ನೂಲುನೂಲನ್ನೂ ತೋರಿಸುತ್ತದೆ. ಎಫ್‌ಎಸ್‌ಕ್ಯೂ ತರದ, ಹಿಂದೆಯೂ ಲೆನ್ಸಿರುವ ಕೊಳವೆಗೆ ಅದನ್ನು ಹಾಕಬೇಡಿ, ಒಳಗೆ ಶಾಖ ಸೇರುತ್ತದೆ. 2031ರ ಮೇ 21ರ ಕಂಕಣ ಗ್ರಹಣದ ಪಥ ಕೇರಳ, ತಮಿಳುನಾಡಿನ ಮೇಲೆ ಹಾಯುತ್ತದೆ. ಅಷ್ಟರೊಳಗೆ ಅಭ್ಯಾಸ ಮಾಡಿಕೊಳ್ಳಿ.

6 ಇಂಚಿನ ಅಪೋ ತಗೊಳ್ಳೋ ಆಸೆ ಇದೆ, ಏನಂತೀರಿ?

ಕಟ್ಟಡಕ್ಕೆ ಲಿಫ್ಟ್ ಇದೆಯಾ, ಅದು ತಾರಸಿಯವರೆಗೂ ಬರುತ್ತಾ, ಮೊದಲು ಅದು ಹೇಳಿ. 150 ಮಿ.ಮೀ. ಟ್ರಿಪ್ಲೆಟ್ ಕೊಳವೆ ಒಂದೇ ಹತ್ತು ಕಿಲೋ ದಾಟುತ್ತದೆ. ಉದ್ದ ಕೊಳವೆಯಾದ್ದರಿಂದ ಸಣ್ಣ ಗಾಳಿಗೂ ಸನ್ನೆಕೋಲಿನಂತೆ ಅಲುಗುತ್ತದೆ. ಇಕ್ಯೂ6-ಆರ್ ಮೌಂಟ್ 20 ಕಿಲೋ ಹೊರುತ್ತದೆ ಎಂದು ಬರೆದಿರುತ್ತಾರೆ. ಫೋಟೋಗೆ ಅದರ ಅರ್ಧದಿಂದ ಮೂರನೇ ಎರಡು ಭಾಗ ಅಂತ ಇಟ್ಟುಕೊಳ್ಳಿ. ಆ ಮೌಂಟೇ 17 ಕಿಲೋ ಮೇಲಿದೆ, ಪ್ರತಿತೂಕ, ಸ್ಟ್ಯಾಂಡ್ ಬೇರೆ. ತೋಟದಲ್ಲಿ ಸಿಮೆಂಟ್ ಕಂಬ ಹಾಕಿ, ಮೇಲೆ ಸರಿಸುವ ಶೀಟಿನ ಚಾವಣಿ ಮಾಡಿಸುವವರಿದ್ದರೆ ಖಂಡಿತ ತಗೊಳ್ಳಿ. ಮೂರನೇ ಮಹಡಿಯ ಮೆಟ್ಟಿಲು ಹತ್ತಿಸಬೇಕಾದವರು 120ಕ್ಕೆ ನಿಲ್ಲಿ.